ಆರಾಧನೆಯಲ್ಲಿ ನಿದ್ದೆ ಬಂದ ದಿನ

ಅಪ್ಪನಿಗೆ ಪಾರ್ಶ್ವವಾಯು ಬಡಿದು ಹನ್ನೊಂದು ತಿಂಗಳಾಗಿತ್ತು. ಧಾರವಾಡದ ಓಣಿಗಳಲ್ಲಿ ಮೂವತ್ತನಾಲ್ಕು ವರ್ಷ ಟಪಾಲು ಹಂಚಿದ ಅವರ ಎಡ ಹೆಗಲು ಚೀಲದ ಭಾರಕ್ಕೆ ಬಲ ಹೆಗಲಿಗಿಂತ ಬೆರಳಷ್ಟು ಕೆಳಗಿಳಿದಿತ್ತು. ಈಗ ಆ ಎಡಭಾಗವೇ ಸ್ವಾಧೀನ ತಪ್ಪಿತ್ತು. ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ವೈದ್ಯರು ಹೇಳಿದ್ದರು. ಹಗಲು ನಾನು ಶಾಲೆಗೆ ಹೋದಾಗ ಒಬ್ಬ ಆಳು ನೋಡಿಕೊಳ್ಳುತ್ತಿದ್ದ. ರಾತ್ರಿ ಹನ್ನೆರಡು, ಎರಡು, ನಾಲ್ಕರ ಪಾಳಿ ನನ್ನದಾಗಿತ್ತು. ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ದುಬೈಯಲ್ಲಿರುವ ಅಣ್ಣ ತಿಂಗಳಿಗೊಮ್ಮೆ ಹಣವನ್ನೂ ವಾರಕ್ಕೊಮ್ಮೆ ಸಲಹೆಯನ್ನೂ ತಪ್ಪದೆ ಕಳುಹಿಸುತ್ತಿದ್ದ.

ಆ ದಿನಗಳಲ್ಲಿ ಮನೆಗೆ ಬಂದವರೆಲ್ಲ ಒಂದೇ ವಚನವನ್ನು ಹೇಳಿ ಹೋಗುತ್ತಿದ್ದರು. ‘ಎಲೈ ಕಷ್ಟಪಡುವವರೇ, ಹೊರೆಹೊತ್ತವರೇ, ನೀವೆಲ್ಲರು ನನ್ನ ಬಳಿಗೆ ಬನ್ನಿರಿ; ನಾನು ನಿಮಗೆ ವಿಶ್ರಾಂತಿ ಕೊಡುವೆನು’ ಎಂಬ ಮತ್ತಾಯನ ಸುವಾರ್ತೆಯ ಆ ಮಾತನ್ನು ನಾನು ಭಾನುವಾರದ ಶಾಲೆಯಲ್ಲಿಯೇ ಬಾಯಿಪಾಠ ಮಾಡಿದವನು. ಚಹಾ ಕುಡಿದು, ಪ್ರಾರ್ಥನೆ ಮಾಡಿ, ಕೈಗೆ ಔಷಧದ ಚೀಟಿ ಕೊಟ್ಟಂತೆ ಅದನ್ನು ಕೊಟ್ಟು ಎದ್ದು ಹೋಗುವವರ ಬೆನ್ನು ನೋಡುತ್ತ, ಇವರಲ್ಲಿ ಒಬ್ಬರಾದರೂ ಒಂದು ರಾತ್ರಿ ಇಲ್ಲಿ ಉಳಿಯಬಾರದೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಬಾಯಿಬಿಟ್ಟು ಯಾರನ್ನೂ ಕೇಳಿರಲಿಲ್ಲ ಎಂಬುದನ್ನು ಮಾತ್ರ ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹೀಗೆ ದೇವಾಲಯದ, ಅಂದರೆ ನಮ್ಮ ಚರ್ಚಿನ, ಕಡೆಗೆ ಕಾಲಿಡದೆ ನಾಲ್ಕು ತಿಂಗಳು ಕಳೆದವು.

ಜುಲೈ ತಿಂಗಳ ಆ ಭಾನುವಾರ ಹೋದದ್ದೂ ಅಪ್ಪನ ಒತ್ತಾಯಕ್ಕೆ. ಮಾತು ತೊದಲುತ್ತಿದ್ದುದರಿಂದ ಅವರು ಬಲಗೈಯಿಂದ ಗೋಡೆಯ ಗಡಿಯಾರವನ್ನೂ ನನ್ನ ಇಸ್ತ್ರಿ ಮಾಡಿದ ಅಂಗಿಯನ್ನೂ ತೋರಿಸಿ, ಹೋಗು ಎಂದು ಕೈ ಬೀಸಿದರು. ಎಂಟೂವರೆಗೆ ಅವರ ಮಗ್ಗುಲು ಬದಲಿಸಿ, ಪಕ್ಕದ ಮನೆಯ ಹುಡುಗನನ್ನು ಕೂರಿಸಿ, ಹತ್ತೂವರೆಗೆ ಬಂದುಬಿಡುತ್ತೇನೆಂದು ಹೇಳಿ ಜಿಟಿಜಿಟಿ ಮಳೆಯಲ್ಲಿ ಹೊರಟೆ.

1837ರಲ್ಲಿ ಧಾರವಾಡಕ್ಕೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕ್ರೈಸ್ತ ಮಿಷನರಿಗಳ ಶಿಸ್ತು ನಮ್ಮ ಸಭೆಯಲ್ಲಿ ಇನ್ನೂ ಅಳಿದಿಲ್ಲ. ಪ್ರಸಂಗದ ನಡುವೆ ಮಗುವೊಂದು ಆಕಳಿಸಿದರೂ ನಾಲ್ಕು ತಲೆಗಳು ಹಿಂದಕ್ಕೆ ತಿರುಗುತ್ತವೆ. ನಾನು ಕಂಬದ ಮರೆಯ ಬೆಂಚಿನಲ್ಲಿ ಕುಳಿತೆ. ಮೊದಲನೆಯ ಸಂಗೀತಕ್ಕೆ ಎದ್ದು ನಿಂತದ್ದು ನೆನಪಿದೆ. ಪಾದ್ರಿ ಅಯ್ಯನವರು ಬೈಬಲಿನಿಂದ ಓದಿದ ಭಾಗವೂ ನೆನಪಿದೆ: ಯೆಜೆಬೆಲ ರಾಣಿಯ ಭಯಕ್ಕೆ ಅಡವಿಗೆ ಓಡಿಹೋದ ಪ್ರವಾದಿ ಎಲೀಯನು, ನನಗೆ ಸಾವು ಬರಲಿ ಎಂದು ಬೇಡಿಕೊಂಡು ಗಿಡದ ಕೆಳಗೆ ಮಲಗಿ ನಿದ್ದೆಹೋದ ಸಂಗತಿ. ಅದರ ಮುಂದಿನದು ಏನೂ ನೆನಪಿಲ್ಲ, ಏಕೆಂದರೆ ಎಲೀಯನೊಂದಿಗೆ ನಾನೂ ನಿದ್ದೆಹೋದೆ. ಬೈಬಲಿನಲ್ಲಿ ಅಪೊಸ್ತಲ ಪೌಲನ ಪ್ರಸಂಗದ ವೇಳೆ ತೂಕಡಿಸಿ ಮೂರನೆಯ ಅಂತಸ್ತಿನ ಕಿಟಕಿಯಿಂದ ಬಿದ್ದ ಯೂತಿಕನಿಗಿಂತ ನನ್ನ ಪುಣ್ಯ ದೊಡ್ಡದು. ನಾನು ಗೋಡೆಗೆ ಒರಗಿದ್ದೆ.

ಕಣ್ಣು ತೆರೆದಾಗ ದೇವಾಲಯದಲ್ಲಿ ಯಾರೂ ಇರಲಿಲ್ಲ. ನನ್ನ ತಲೆಯ ಕೆಳಗೆ ಯಾರದೋ ಮಡಿಸಿದ ಶಾಲು ಇತ್ತು; ಅದಕ್ಕೆ ನುಸಿಗುಳಿಗೆಯ ವಾಸನೆ. ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಎದೆ ಧಸಕ್ಕೆಂದಿತು. ಎದ್ದು ಓಡಬೇಕೆನ್ನುವಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಒಬ್ಬ ಹಿರಿಯ ಹೆಣ್ಣುಮಗಳು ಕೊಡೆ ಮಡಚುತ್ತ ಒಳಗೆ ಬಂದರು. ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು ಅವರು. ಸಭೆಯಲ್ಲಿ ಎಲ್ಲರೂ ಅಕ್ಕಾರು ಎಂದೇ ಕರೆಯುತ್ತಾರೆ.

“ಗಾಬರಿ ಆಗಬ್ಯಾಡ ತಮ್ಮಾ. ನಾನೂ ನನ್ನ ಮಗನೂ ಹೋಗಿ ನಿಮ್ಮಪ್ಪಗ ಹೊಳ್ಳಿಸಿ ಮಲಗಿಸಿ ಬಂದೇವಿ. ಗಂಜಿ ಕುಡದಾರ. ಅಯ್ಯನವರು ನಿನ್ನ ಎಬ್ಬಸಬ್ಯಾಡ್ರಿ ಅಂದ್ರು.”

ನನಗೆ ಉತ್ತರ ಹೊಳೆಯಲಿಲ್ಲ. ಅವರು ಬುಟ್ಟಿಯಿಂದ ಒಂದು ಜೋಳದ ರೊಟ್ಟಿ, ಪಲ್ಯ, ನೀರಿನ ಬಾಟಲಿ ತೆಗೆದು ಬೆಂಚಿನ ಮೇಲಿಟ್ಟರು. ಅಲ್ಲಿಯೇ, ಆರಾಧನೆಯ ಬೆಂಚಿನಲ್ಲಿಯೇ ಕುಳಿತು ತಿಂದೆ. ಎಲೀಯನ ಕಥೆಯ ಮುಂದಿನ ಭಾಗ ಆಗ ನೆನಪಾಯಿತು: ದೇವದೂತನು ಬಂದು ಅವನನ್ನು ಗದರಲಿಲ್ಲ, ಬುದ್ಧಿ ಹೇಳಲಿಲ್ಲ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತಲೆಯ ಬಳಿ ಇಟ್ಟು ಎದ್ದು ತಿನ್ನು ಎಂದನು. ಅವನು ತಿಂದು ಮತ್ತೆ ಮಲಗಿದಾಗಲೂ ಸುಮ್ಮನಿದ್ದನು. ಎರಡನೆಯ ಸಾರಿ ಎಬ್ಬಿಸಿದ ಮೇಲೆಯೇ ಮುಂದಿನ ಪ್ರಯಾಣದ ಮಾತು ಬಂದದ್ದು.

ನಮ್ಮ ದೇವಾಲಯದ ಕಮಾನಿನ ಮೇಲೆ ಬರೆದಿರುವುದೂ ಅದೇ ಮತ್ತಾಯನ ವಚನ. ರೊಟ್ಟಿ ಮುರಿಯುತ್ತ ಅದನ್ನು ನೋಡಿದೆ. ಬಣ್ಣ ಬಳಿದವನು ವಿಶ್ರಾಂತಿಯ ಮಾತಿಗೇ ನಿಲ್ಲಿಸಿದ್ದಾನೆ. ಮನೆಗೆ ಬಂದವರೂ ಅಲ್ಲಿಗೇ ನಿಲ್ಲಿಸುತ್ತಿದ್ದರು. ಆದರೆ ಕರ್ತನಾದ ಯೇಸು ಅಲ್ಲಿಗೆ ನಿಲ್ಲಿಸಲಿಲ್ಲ. ನನ್ನ ನೊಗವನ್ನು ತೆಗೆದುಕೊಳ್ಳಿರಿ, ನನ್ನ ಹೊರೆಯು ಹೌರವಾದದ್ದು ಎಂದು ಮುಂದುವರಿಸಿದನು. ನಮ್ಮ ಹಳೆಯ ಭಾಷಾಂತರದಲ್ಲಿ ‘ಹಗುರ’ ಎಂದಿಲ್ಲ, ‘ಹೌರ’ ಎಂದೇ ಇದೆ. ಚಿಕ್ಕವನಿದ್ದಾಗ ನಾನು ಅದನ್ನು ‘ಗೌರವ’ ಎನ್ನುವುದರ ಅಚ್ಚಿನ ತಪ್ಪೆಂದು ತಿಳಿದಿದ್ದೆ. ವಿಶ್ರಾಂತಿ ಕೊಡುತ್ತೇನೆಂದವನು ಮರುಮಾತಿನಲ್ಲೇ ನೊಗವನ್ನು ಏಕೆ ಮುಂದಿಡಬೇಕು ಎಂಬುದು ನನ್ನ ಬಹುದಿನದ ತಕರಾರು. ನಮ್ಮ ಕಡೆಯ ಎರೆಹೊಲಗಳಲ್ಲಿ ನೊಗ ಕಂಡವರಿಗೆ ಅದು ಎರಡು ಹೆಗಲಿನ ವಸ್ತುವೆಂದು ಹೇಳಿಕೊಡಬೇಕಾಗಿಲ್ಲ. ಹನ್ನೊಂದು ತಿಂಗಳು ನಾನು ಅದರ ಒಂದು ತುದಿಯನ್ನು ನೆಲಕ್ಕೆ ಎಳೆದುಕೊಂಡೇ ನಡೆದಿದ್ದೆ.

ಅಕ್ಕಾರು ನನ್ನನ್ನು ಏನೂ ಕೇಳಲಿಲ್ಲ. ಅಂದಿನ ಪ್ರಕಟಣೆಯ ಹಾಳೆಯ ಹಿಂಬದಿಯಲ್ಲಿ ವಾರದ ಏಳು ದಿನಗಳನ್ನು ಬರೆದು, ಬುಧವಾರ ಮತ್ತು ಶನಿವಾರದ ಎದುರಿಗೆ ತಮ್ಮ ಹೆಸರನ್ನೂ ಮಗನ ಹೆಸರನ್ನೂ ಬರೆದು, ಉಳಿದದ್ದಕ್ಕೆ ಸಭೆಯ ಅನ್ಯೋನ್ಯ ಕೂಟದವರನ್ನು ಕೇಳುತ್ತೇನೆಂದು ಹಾಳೆಯನ್ನು ಪರ್ಸಿನಲ್ಲಿ ಇಟ್ಟುಕೊಂಡರು.

ಅಪ್ಪ ಅದಾದ ಮೇಲೆ ಏಳು ತಿಂಗಳು ಬದುಕಿದ್ದರು. ಕಾಯಿಲೆ ಇಳಿಯಲಿಲ್ಲ, ಸಾಲವೂ ತೀರಲಿಲ್ಲ. ಮೊದಲನೆಯ ಬುಧವಾರ ರಾತ್ರಿ, ಅಲಾರಾಂ ಇಡದಿದ್ದರೂ, ರೂಢಿಯಿಂದ ಎರಡು ಗಂಟೆಗೆ ಸರಿಯಾಗಿ ಎಚ್ಚರವಾಯಿತು. ಪಕ್ಕದ ಕೋಣೆಯಲ್ಲಿ ದೀಪವಿತ್ತು. “ಈ ಕಡೆ ಹೊಳ್ಳ್ರಿ ಯಜಮಾನ್ರ, ಹಾಂ, ಇಷ್ಟ ಸಾಕು” ಎಂದು ಅಕ್ಕಾರು ಹೇಳುವುದು ಕೇಳಿಸಿತು. ಅಪ್ಪ ತೊದಲುತ್ತ ಏನೋ ಅಂದರು, ಅವರು ನಕ್ಕರು. ಆಮೇಲೆ ಪೌಡರಿನ ಡಬ್ಬಿಯ ಮುಚ್ಚಳ ಹಾಕಿದ ಸದ್ದು. ನಾನು ಮಗ್ಗುಲು ಬದಲಿಸಿ ಮಲಗಿದೆ.