ಅಂಬೊಸೆಲಿಯ ಅಜ್ಜಿ

ಇವತ್ತು ಬೆಳಿಗ್ಗೆ ಕೀನ್ಯಾದ ಅಂಬೊಸೆಲಿಯಲ್ಲಿ 10 ನಿಮಿಷ ಉಸಿರು ಬಿಗಿ ಹಿಡಿದು ಕೂತಿದ್ದೆ. ಜೀಪಿನ ಇಂಜಿನ್ ಆಫ್. ಮೂರು ಮಾರು ದೂರದಲ್ಲಿ ಆನೆ ಹಿಂಡೊಂದು ದಾರಿ ದಾಟುತ್ತಿತ್ತು.

ಮುಂದೆ ಒಬ್ಬಳು ಮುದುಕಿ. ಎಡಗಿವಿಯ ಅಂಚು ಹಳೇ ಸೀರೆಯ ಸೆರಗಿನ ಹಾಗೆ ಹರಿದಿತ್ತು. ಇಲ್ಲಿ 1972ರಿಂದ ಆನೆಗಳ ಅಧ್ಯಯನ ನಡೀತಿದೆ. ಒಂದೊಂದು ಆನೆಯನ್ನೂ ಇಂಥ ಕಿವಿಯಂಚು ನೋಡಿಯೇ ಗುರುತು ಹಿಡಿಯುತ್ತಾರಂತೆ. ಹೆಣ್ಣಾನೆಗೂ ದಂತ ಇರೋದು ನೋಡಿ, ಕಬಿನಿಯಲ್ಲಿ ಕಣ್ಣು ಪಳಗಿದ ನಾನು ಮೊದಲು ಎಲ್ಲವನ್ನೂ ಗಂಡು ಅಂದುಕೊಂಡಿದ್ದೆ!

ಅಷ್ಟು ಭಾರದ ಮೈ, ಹೆಜ್ಜೆ ಸದ್ದೇ ಇಲ್ಲ. ಕೇಳಿದ್ದು ಹುಲ್ಲು ಕೀಳುವ ಪರಪರ ಮಾತ್ರ. ಮುಂಗಾಲಿನಿಂದ ಒದ್ದು ಬುಡ ಸಡಿಲ ಮಾಡೋದು, ಸೊಂಡಿಲು ಸುತ್ತಿ ಎಳೆಯೋದು, ಮಣ್ಣು ಕೊಡವಿ ಬಾಯಿಗಿಡೋದು. ಥೇಟ್ ಸೊಪ್ಪು ಬಿಡಿಸೋ ಹಾಗೆ. ಪಕ್ಕದಲ್ಲಿದ್ದ ಮರಿಗೆ ಇನ್ನೂ ಸೊಂಡಿಲು ಏನು ಮಾಡಬೇಕೋ ಗೊತ್ತಿಲ್ಲ, ಸುಮ್ನೆ ಗರಗರ ತಿರುಗಿಸ್ತಿತ್ತು.

ಆಮೇಲೆ ಗುಡುಗಿದಂಥ ಸಣ್ಣ ಸದ್ದು. ಹೊಟ್ಟೆ ಅಂದುಕೊಂಡೆ. ಅಲ್ಲ, ಮಾತಾಡ್ತಿವೆ ಅಂದ ಡ್ರೈವರ್. ಅಜ್ಜಿ ಹೊರಟಳು. ತಿರುಗಿಯೂ ನೋಡಲಿಲ್ಲ, ಎಲ್ಲವೂ ಹಿಂದೆ ಬಂದವು. ದಸರಾ ಜನಸಂದಣಿಯಲ್ಲಿ ನಮ್ಮಜ್ಜಿಯೂ ಹೀಗೇ ಮುಂದೆ ನಡೀತಿದ್ದಳು. ಅವಳ ನೆನಪು ಇಲ್ಲಿ ಬರಬೇಕಾ?

ಕಿಲಿಮಂಜಾರೋ ನೆಲದಡಿಯಿಂದ ಕಳಿಸೋ ನೀರಿನ ಜೌಗಿನ ಕಡೆ ಹೋದವು. ಬೆಟ್ಟ ಮಾತ್ರ ಮೋಡದೊಳಗೆ.

ಫೋಟೋ ಕೇಳಬೇಡಿ. ಕೈ ನಡುಗಿ ಎಲ್ಲಾ ಬ್ಲರ್.