ಡೀಸೆಲ್ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಚಳಿಗೆ ಬೈಯಬೇಡಿ

ಮಂಗಳೂರಿನಲ್ಲಿ ಕೂತು ಚಳಿಗೆ ಡೀಸೆಲ್ ಎಂಜಿನ್ ಸ್ಟಾರ್ಟ್ ಮಾಡುವ ಬಗ್ಗೆ ಬರೆಯುವುದು ಸ್ವಲ್ಪ ತಮಾಷೆಯೇ. ನಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ 20 ಡಿಗ್ರಿ ಆಸುಪಾಸಿಗೆ ಬಂದರೆ ಸಾಕು, ಕದ್ರಿ ಪಾರ್ಕಿನಲ್ಲಿ ವಾಕಿಂಗ್ ಮಾಡುವವರ ತಲೆಗೆ ಮಂಕಿ ಕ್ಯಾಪ್ ಏರುತ್ತದೆ. ಆದರೂ ಪ್ರತಿ ವರ್ಷ ಆ ಹೊತ್ತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ, "ಮಾರಾಯ್ರೇ, ಬೆಳಿಗ್ಗೆ ಸೆಲ್ಫ್ ತಿರುಗ್ತದೆ, ಗಾಡಿ ಹಿಡಿಯುವುದಿಲ್ಲ. ಚಳಿಗಾ?"

ಅಲ್ಲ. 20 ಡಿಗ್ರಿ ಎಂಬುದು ಡೀಸೆಲ್ ಎಂಜಿನ್ನಿಗೆ ಚಳಿಯೇ ಅಲ್ಲ. ಸರಿ ಇರುವ ಎಂಜಿನ್ ಈ ಹವೆಗೆ ಒಂದೇ ಸೆಲ್ಫಿಗೆ ಹಿಡಿಯಬೇಕು. ಹಿಡಿಯದಿದ್ದರೆ ಯಾವುದೋ ಒಂದು ಭಾಗ ಮೊದಲೇ ಸೋತಿದೆ. ಊರಿನಲ್ಲಿ ಹೇಗೋ ನಾಲ್ಕು ಸಲ ಎಳೆದು ಸುಧಾರಿಸಬಹುದು. ಅದೇ ಗಾಡಿಯನ್ನು ಚಾರ್ಮಾಡಿ ಘಾಟಿ ಹತ್ತಿಸಿ, ಹತ್ತು ಹನ್ನೆರಡು ಡಿಗ್ರಿಗೆ ಇಳಿಯುವ ಕಾಫಿ ತೋಟದ ಹೋಂಸ್ಟೇಯಲ್ಲಿ ಒಂದು ರಾತ್ರಿ ನಿಲ್ಲಿಸಿ ನೋಡಿ, ಬೆಳಿಗ್ಗೆ ಅದರ ಬಂಡವಾಳ ಹೊರಗೆ ಬೀಳುತ್ತದೆ. ಈಗಂತೂ ಮಂಗಳೂರು, ಉಡುಪಿಯ ಕೆಎ 19, ಕೆಎ 20 ನಂಬರಿನ ಗಾಡಿಗಳು ಚಳಿಗಾಲದಲ್ಲಿ ಹಿಮಾಚಲದ ಸ್ಪಿತಿಗೂ ಹೋಗುತ್ತವೆ. ಅಲ್ಲಿ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವುದುಂಟು. ಹಾಗಾಗಿ ನೋಡಬೇಕಾದ್ದನ್ನೆಲ್ಲ ಹೊರಡುವ ಮೊದಲು ಇಲ್ಲೇ, ಈ ಸೆಖೆಯಲ್ಲೇ ನೋಡಿಕೊಳ್ಳಬೇಕು.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿಗೆ ಬಂದ ಗಾಳಿಯನ್ನು ಹದಿನಾರರಿಂದ ಇಪ್ಪತ್ತನೇ ಒಂದು ಭಾಗಕ್ಕೆ ಒತ್ತುತ್ತದೆ. ಒತ್ತಿದ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ, ಅದಕ್ಕೆ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಅಷ್ಟೇ ಸಂಗತಿ. ಎಂಜಿನ್ ತಣ್ಣಗಿದ್ದರೆ ಸುತ್ತಲಿನ ಕಬ್ಬಿಣ ಆ ಬಿಸಿಯನ್ನು ಹೀರಿಕೊಳ್ಳುತ್ತದೆ. ಸೆಲ್ಫ್ ನಿಧಾನಕ್ಕೆ ತಿರುಗಿದರೆ ಹೀರಿಕೊಳ್ಳಲು ಜಾಸ್ತಿ ಸಮಯ ಸಿಗುತ್ತದೆ, ಜೊತೆಗೆ ಒತ್ತಿದ ಗಾಳಿ ಪಿಸ್ಟನ್ ರಿಂಗಿನ ಸಂದಿಯಿಂದ ಸೋರಿಯೂ ಹೋಗುತ್ತದೆ. ಆದ್ದರಿಂದ ನನ್ನ ಮಟ್ಟಿಗೆ ಮೊದಲು ನೋಡಬೇಕಾದ್ದು ಬ್ಯಾಟರಿಯನ್ನು, ಆಮೇಲೆ ಉಳಿದದ್ದು. ಗ್ಯಾರೇಜಿನಲ್ಲಿ ನೇರವಾಗಿ, ಡೀಸೆಲ್ ಸಿಂಪಡಿಸುವ ನಾಝಲ್‌ಗೆ ಕೈ ಹಾಕುವವರನ್ನು ಕಂಡರೆ ನನಗೆ ಭಯ. ಸಾವಿರಗಟ್ಟಲೆ ಬಿಲ್ಲು ಅಲ್ಲಿಂದಲೇ ಶುರು ಆಗುವುದು.

ಬ್ಯಾಟರಿಯನ್ನು ಹಾಳು ಮಾಡುವುದು ನಮ್ಮ ಸೆಖೆ, ಆ ಹಾಳು ಕಾಣುವುದು ಚಳಿಯಲ್ಲಿ. ಎಂಜಿನ್ ಬಿಸಿ, ಏಪ್ರಿಲ್ ಬಿಸಿಲು ಎರಡೂ ಸೇರಿ ಒಳಗಿನ ಪ್ಲೇಟುಗಳನ್ನು ಬೇಗ ಮುದಿ ಮಾಡುತ್ತವೆ. ಅರ್ಧ ಸತ್ತ ಬ್ಯಾಟರಿಯೂ ಮಂಗಳೂರಿನಲ್ಲಿ ಹೇಗೋ ಎಂಜಿನ್ ತಿರುಗಿಸುತ್ತದೆ. ಹೊಸ ಬ್ಯಾಟರಿಯೇ ಮೈನಸ್ 18ಕ್ಕೆ ಹೋದಾಗ ಹೆಚ್ಚು ಕಡಿಮೆ ಅರ್ಧ ಶಕ್ತಿಯಲ್ಲಿ ಕೆಲಸ ಮಾಡುತ್ತದೆ, ಇನ್ನು ಅರ್ಧ ಸತ್ತದ್ದರ ಗತಿ ಏನು? ಬ್ಯಾಟರಿಯ ಮೇಲೆ ಸಿಸಿಎ ಅಂತ ಒಂದು ನಂಬರ್ ಇರುತ್ತದೆ. ಅದು ಮೈನಸ್ 18ರಲ್ಲಿ 30 ಸೆಕೆಂಡು ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಲೆಕ್ಕ. ನಮ್ಮೂರಿನಲ್ಲಿ ಅದನ್ನು ನೋಡಿ ಬ್ಯಾಟರಿ ತೆಗೆದುಕೊಳ್ಳುವವರನ್ನು ನಾನು ಕಂಡಿಲ್ಲ. ಎಲ್ಲರೂ ಕೇಳುವುದು ವಾರಂಟಿ ಎಷ್ಟು ತಿಂಗಳು ಅಂತ.

ಮನೆಯಲ್ಲೇ ಮಾಡುವ ಪರೀಕ್ಷೆ ಸುಲಭ. ಒಂದು ಸಾದಾ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸಬೇಕು. 12.2 ಇದ್ದರೆ ಅರ್ಧ ಚಾರ್ಜ್ ಮಾತ್ರ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಬಗ್ಗೆ ಯೋಚಿಸಿ. ಇದಿಷ್ಟು ಎಲ್ಲರೂ ಹೇಳುತ್ತಾರೆ. ಯಾರೂ ನೋಡದ್ದು ಅರ್ಥ್ ವಯರ್, ಅಂದರೆ ಬ್ಯಾಟರಿಯ ನೆಗೆಟಿವನ್ನು ಎಂಜಿನ್ನಿಗೂ ಬಾಡಿಗೂ ಸೇರಿಸುವ ವಯರ್. ಪಣಂಬೂರು, ಉಳ್ಳಾಲ, ಮಲ್ಪೆ ಕಡೆಯವರಿಗೆ ಹೇಳಬೇಕಾಗಿಲ್ಲ, ಕಡಲ ಗಾಳಿಗೆ ಗೇಟಿನ ಚಿಲಕವೇ ತುಕ್ಕು ಹಿಡಿದು ಉದುರುತ್ತದೆ, ಇನ್ನು ಎಂಜಿನ್ನಿನ ಅಡಿಯಲ್ಲಿ ಬೋಲ್ಟ್ ಹಾಕಿ ಕೂರಿಸಿದ ತಾಮ್ರದ ಪಟ್ಟಿಯನ್ನು ಬಿಡುತ್ತದಾ? ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಿಡಿದು ಯಾರಿಂದಲಾದರೂ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಸರಿ ಇಲ್ಲ. ಬಿಚ್ಚಿ, ಉಪ್ಪು ಕಾಗದದಲ್ಲಿ ತಿಕ್ಕಿ, ಬಿಗಿ ಮಾಡಿ, ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಹೊಸ ಬ್ಯಾಟರಿ ಹಾಕಿದ ಮೇಲೂ ಎಳೆದಾಡುತ್ತಿದ್ದ ಗಾಡಿ ಇಷ್ಟಕ್ಕೇ ಸರಿಯಾದದ್ದನ್ನು ನೋಡಿದ್ದೇನೆ.

ಮುಂದೆ ಹೀಟರ್ ಪ್ಲಗ್, ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರಿನ ಒಳಗೆ ಬಿಸಿ ಕೊಡುವ ಕಡ್ಡಿ. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಕಿತ್ತಳೆ ಬಣ್ಣದ ಸುರುಳಿ ಹೊತ್ತುತ್ತದಲ್ವಾ, ಅದೇ ಇದರ ಲೈಟು. ಸಿಲಿಂಡರಿಗೆ ಒಂದರಂತೆ ಇರುವ ಈ ಕಡ್ಡಿಗಳ ತುದಿ ಕೆಂಪಾಗಿ 850 ಡಿಗ್ರಿ ದಾಟಿ ಕಾಯುತ್ತದೆ. ಹಳೆ ಗಾಡಿಗಳಲ್ಲಿ ಇದಕ್ಕೆ ಇಪ್ಪತ್ತು ಮೂವತ್ತು ಸೆಕೆಂಡು ಬೇಕಿತ್ತು, ಈಗಿನವಕ್ಕೆ ಎರಡರಿಂದ ಐದು. ನಮ್ಮೂರಿನ ಹವೆಗೆ ಆ ಲೈಟು ಹೊತ್ತಿದ್ದೂ ಗೊತ್ತಾಗುವುದಿಲ್ಲ, ಆರಿದ್ದೂ ಗೊತ್ತಾಗುವುದಿಲ್ಲ, ಹಾಗಾಗಿ ನಾವು ಕೀಯನ್ನು ಒಂದೇ ಏಟಿಗೆ ತಿರುಗಿಸಿ ಅಭ್ಯಾಸ ಮಾಡಿಕೊಂಡಿದ್ದೇವೆ. ಘಟ್ಟದ ಮೇಲೆ ಇದು ನಡೆಯುವುದಿಲ್ಲ. ಲೈಟು ಆರುವವರೆಗೆ ಕಾಯಿರಿ. ಚಳಿ ಜಾಸ್ತಿ ಇದ್ದರೆ ಕೀ ಆಫ್ ಮಾಡಿ ಮತ್ತೊಮ್ಮೆ ಆನ್ ಮಾಡಿ, ಎರಡನೇ ಸಲ ಆರಿದ ಮೇಲೆ ಸೆಲ್ಫ್ ಹೊಡೆಯಿರಿ. ಬಟನ್ ಸ್ಟಾರ್ಟ್ ಇರುವ ಹೆಚ್ಚಿನ ಗಾಡಿಗಳಲ್ಲಿ ಕಂಪ್ಯೂಟರೇ ಕಾಯುತ್ತದೆ, ನೀವು ಗಾಬರಿಯಾಗಿ ಮತ್ತೆ ಮತ್ತೆ ಒತ್ತದಿದ್ದರೆ ಆಯಿತು.

ನಾಲ್ಕರಲ್ಲಿ ಎರಡು ಪ್ಲಗ್ ಸತ್ತಿದ್ದರೂ ಮಂಗಳೂರಿನಲ್ಲಿ ಗೊತ್ತೇ ಆಗದಿರಬಹುದು. ಚಾರ್ಮಾಡಿಯ ಮೇಲಿನ ಕೊಟ್ಟಿಗೆಹಾರದ ಬೆಳಗಿನ ಚಳಿಯಲ್ಲಿ ಗೊತ್ತಾಗುತ್ತದೆ. ಎಂಜಿನ್ ಕುಂಟುತ್ತಾ ಹಿಡಿಯುತ್ತದೆ, ಒಂದು ನಿಮಿಷ ನಡುಗುತ್ತದೆ, ಹಿಂದಿನಿಂದ ಕಣ್ಣು ಉರಿಸುವ ಬಿಳಿ ಹೊಗೆ. ಆ ಹೊಗೆ ಸುಡದೆ ಹೊರಬಂದ ಡೀಸೆಲ್. ಪ್ಲಗ್ಗಿನ ವಯರ್ ತೆಗೆದು ಮೀಟರಿನಲ್ಲಿ ರೆಸಿಸ್ಟೆನ್ಸ್ ನೋಡಿ. ಒಂದು ಓಮ್ ಆಸುಪಾಸು ಬಂದರೆ ಜೀವ ಉಂಟು, ಏನೂ ತೋರಿಸದಿದ್ದರೆ ಸತ್ತಿದೆ. ಬದಲಿಸುವಾಗ ಮಾತ್ರ ಅವಸರ ಬೇಡ. ಎಂಜಿನ್ ಬಿಸಿ ಇರುವಾಗ, ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ನಿಧಾನಕ್ಕೆ ಬಿಚ್ಚಬೇಕು. ಒತ್ತಾಯ ಮಾಡಿ ತಿರುಗಿಸಿದರೆ ಅದು ಹೆಡ್ಡಿನ ಒಳಗೇ ತುಂಡಾಗುತ್ತದೆ, ಆಮೇಲೆ ಹೆಡ್ ಇಳಿಸುವ ಮಾತು ಬರುತ್ತದೆ.

ಬ್ಯಾಟರಿ, ಹೀಟರ್ ಎರಡೂ ಸರಿ ಇದ್ದೂ ಬೆಳಿಗ್ಗೆ ಮಾತ್ರ ಕಾಡಿದರೆ ಡೀಸೆಲ್ ಲೈನ್ ನೋಡಿ. ಪೈಪಿನ ಹಳೆ ರಬ್ಬರ್ ಬಿರುಕಿನಿಂದ ರಾತ್ರಿ ಗಾಳಿ ಒಳಗೆ ಸೇರಿ, ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಇಳಿದಿರುತ್ತದೆ. ಕೈಯಲ್ಲಿ ಒತ್ತುವ ಪ್ರೈಮಿಂಗ್ ಪಂಪ್ ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ ಸ್ಟಾರ್ಟ್ ಮಾಡಿ. ಕೂಡಲೇ ಹಿಡಿದರೆ ಕಳ್ಳ ಸಿಕ್ಕಿದ ಹಾಗೇ. ಇನ್ನೊಂದು ನೀರು. ಈ ವಿಷಯ ಮಲ್ಪೆಯ ಬೋಟಿನವರಿಗೆ ಗೊತ್ತಿರುವಷ್ಟು ಕಾರಿನವರಿಗೆ ಗೊತ್ತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ, ಎರಡು ತಿಂಗಳು ಮಳೆಯಲ್ಲಿ ಎಂಜಿನ್ ಸುಮ್ನೆ ಕೂತಿರುತ್ತದೆ. ಅದನ್ನು ಮತ್ತೆ ಹೊರಡಿಸುವಾಗ ಮೊದಲ ಕೆಲಸ ಫಿಲ್ಟರಿನ ಅಡಿಯ ನೀರು ಬಿಡುವುದು, ಲೈನಿನ ಗಾಳಿ ತೆಗೆಯುವುದು. ಮಳೆಗಾಲ ಕಳೆದ ಮೇಲೆ ಕಾರಿನ ಫಿಲ್ಟರಿನಿಂದಲೂ ಒಮ್ಮೆ ನೀರು ಬಿಟ್ಟರೆ ನಷ್ಟ ಏನಿಲ್ಲ. ಇಲ್ಲಿ ಸ್ಟಾರ್ಟಿಂಗ್ ಟ್ರಬಲ್ ಕೊಡುವ ಆ ನೀರು ಸ್ಪಿತಿಯಲ್ಲಿ ಮಂಜುಗಡ್ಡೆಯಾಗಿ ಲೈನನ್ನೇ ಮುಚ್ಚುತ್ತದೆ.

ಅಷ್ಟು ಮೇಲೆ ಹೋದರೆ ಡೀಸೆಲ್ಲೇ ಗಟ್ಟಿಯಾಗುವ ತೊಂದರೆಯೂ ಉಂಟು. ಡಿಸೆಂಬರ್ ಬೆಳಿಗ್ಗೆ ಬಚ್ಚಲಿನ ತೆಂಗಿನೆಣ್ಣೆ ಬಾಟಲಿ ಬೆಳ್ಳಗಾಗುವುದನ್ನು ನೋಡಿದ್ದೀರಲ್ವಾ, ಡೀಸೆಲ್‌ನಲ್ಲಿರುವ ಮೇಣವೂ ಹಾಗೆಯೇ ಹೆಪ್ಪುಗಟ್ಟಿ ಫಿಲ್ಟರನ್ನು ಕಟ್ಟುತ್ತದೆ. ನಮ್ಮ ದೇಶದ ಐಎಸ್ 1460 ನಿಯಮದಲ್ಲಿ ಫಿಲ್ಟರ್ ಕಟ್ಟುವ ಉಷ್ಣತೆಗೆ ಮಿತಿ ಇಟ್ಟಿದ್ದಾರೆ, ಬೇಸಿಗೆಯ ಡೀಸೆಲ್‌ಗೆ 18 ಡಿಗ್ರಿ, ಚಳಿಗಾಲದ್ದಕ್ಕೆ 6. ಅದಕ್ಕಿಂತ ಮೇಲೆ ಕಟ್ಟಬಾರದು ಅಂತ ಅರ್ಥ. ಸುರತ್ಕಲ್ ಕಡೆ ಎಂಆರ್‌ಪಿಎಲ್ ಇದೆ, ಡೀಸೆಲ್ ಇಲ್ಲೇ ತಯಾರಾಗುತ್ತದೆ, ಕರಾವಳಿಗೆ ಅಷ್ಟು ಸಾಕು. ಮೈನಸ್ 20ಕ್ಕೆ ಸಾಲದು. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಲಡಾಖ್‌ಗೆಂದೇ ಮೈನಸ್ 33ರವರೆಗೆ ಹರಿಯುವ ಡೀಸೆಲ್ ಬಿಟ್ಟಿತು, ಪಾಣಿಪತ್ ರಿಫೈನರಿಯಲ್ಲಿ ತಯಾರಿಸಿ. ಹಾಗಾಗಿ ಲೆಕ್ಕ ಸರಳ, ಕೆಳಗಿನ ಊರಿನಲ್ಲಿ ಫುಲ್ ಟ್ಯಾಂಕ್ ಮಾಡಿಕೊಂಡು ಹೋಗಬೇಡಿ, ಚಳಿ ಇರುವ ಊರಿನ ಬಂಕಿನಲ್ಲಿ ತುಂಬಿಸಿ.

ಸೀಮೆಎಣ್ಣೆ ಬೆರೆಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಳೆ ಲಾರಿಗಳು ತಡೆದುಕೊಂಡಿರಬಹುದು. ಎಲ್ಲ ನಾಝಲಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ಈಗಿನ ಕಾಮನ್ ರೈಲ್ ಎಂಜಿನ್ ಬೇರೆ. 1600 ಬಾರ್ ಒತ್ತಡದಲ್ಲಿ ಓಡುವ ಪಂಪಿಗೆ ಡೀಸೆಲ್ಲೇ ಎಣ್ಣೆ, ಸೀಮೆಎಣ್ಣೆಗೆ ಆ ಜಿಡ್ಡು ಇಲ್ಲ, ಪಂಪ್ ಸವೆಯುತ್ತದೆ. ಬೇಗ ಹೊತ್ತಿಕೊಳ್ಳುವ ಈಥರ್ ಇರುವ ಸ್ಟಾರ್ಟಿಂಗ್ ಸ್ಪ್ರೇ ಇನ್ನೂ ಅಪಾಯ. ಹೀಟರ್ ಪ್ಲಗ್ ಕೆಂಪಗಿರುವಾಗ ಈಥರ್ ಒಳಗೆ ಹೋದರೆ ಬೇಡದ ಹೊತ್ತಿಗೆ ಸಿಡಿಯುತ್ತದೆ.

ಎಂಜಿನ್ ಆಯಿಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 15ಡಬ್ಲ್ಯೂ-40 ನಮ್ಮೂರಿಗೆ ಸರಿ, ಚಳಿಗೆ ಅದು ದಪ್ಪ. ಮ್ಯಾನುಯಲ್ ಒಪ್ಪಿದರೆ ಚಳಿಯಲ್ಲೂ ತೆಳ್ಳಗಿರುವ 5ಡಬ್ಲ್ಯೂ ಹಾಕಿಸಿ, ಸೆಲ್ಫಿಗೆ ಭಾರ ಕಡಿಮೆ. ರೇಡಿಯೇಟರಿಗೆ ಬಾವಿ ನೀರು ಹಾಕುವ ನಮ್ಮ ಅಭ್ಯಾಸ ಮಾತ್ರ ಬಿಡಲೇಬೇಕು. ಹೆಪ್ಪುಗಟ್ಟಿದ ನೀರು ಹಿಗ್ಗಿ ಎಂಜಿನ್ ಬ್ಲಾಕನ್ನೇ ಸೀಳಬಲ್ಲದು. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ ಹಾಕಿದರೆ ಮೈನಸ್ 35ರವರೆಗೆ ಚಿಂತೆ ಇಲ್ಲ.

ಇಷ್ಟಾದ ಮೇಲೆ ಬೆಳಿಗ್ಗೆ ಮಾಡುವುದು ಸ್ವಲ್ಪವೇ. ಎಸಿ, ಲೈಟು, ಮ್ಯೂಸಿಕ್ ಎಲ್ಲ ಆಫ್ ಇರಲಿ. ಕ್ಲಚ್ ಪೂರ್ತಿ ಒತ್ತಿ, ಗೇರ್‌ಬಾಕ್ಸಿನ ದಪ್ಪ ಆಯಿಲನ್ನು ಸೆಲ್ಫ್ ಯಾಕೆ ಕಲಕಬೇಕು? ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಎಳೆಯಬೇಡಿ, ಹಿಡಿಯದಿದ್ದರೆ ಒಂದು ನಿಮಿಷ ಬಿಟ್ಟು ಹೀಟರಿನಿಂದ ಮತ್ತೆ ಶುರು ಮಾಡಿ. ಕಾಮನ್ ರೈಲ್ ಗಾಡಿಗೆ ಆಕ್ಸಿಲರೇಟರ್ ಒತ್ತುವುದು ಬೇಡ. ಹಿಡಿದ ಮೇಲೆ ಜೋರು ರೇಸ್ ಕೊಡಬೇಡಿ, ಹತ್ತು ನಿಮಿಷ ನಿಲ್ಲಿಸಿ ಕಾಯಿಸುವುದೂ ಬೇಡ. ಅರ್ಧ ನಿಮಿಷ ಬಿಟ್ಟು ಮೆಲ್ಲ ಹೊರಟರೆ ದಾರಿಯಲ್ಲೇ ಬೇಗ ಬಿಸಿಯಾಗುತ್ತದೆ. ಡಿಕ್ಕಿಯಲ್ಲಿ ದಪ್ಪ ತಾಮ್ರದ ಜಂಪರ್ ಕೇಬಲ್ ಇರಲಿ. ಅಗ್ಗಕ್ಕೆ ಸಿಗುವ ತೆಳ್ಳಗಿನದು ಡೀಸೆಲ್ ಸೆಲ್ಫ್ ಎಳೆಯುವ ಕರೆಂಟಿಗೆ ಬಿಸಿಯಾಗುತ್ತದೆಯೇ ಹೊರತು ಎಂಜಿನ್ ತಿರುಗಿಸುವುದಿಲ್ಲ.