ಡಾಕ್ಟರ ಮುಂದೆ ಸೊಸೆ ಯಾಕೆ ಬಾಯಿ ಹಾಕಬೇಕು?

ಮದುವೆಮನೆಗೆ ಹೋಗಲಿ, ನಾಮಕರಣಕ್ಕೆ ಹೋಗಲಿ, ಎಲೆ ಮುಂದೆ ಕೂತ ಕೂಡಲೇ ಪಕ್ಕದವರು ಶುರು ಮಾಡ್ತಾರೆ. "ಅಲ್ಲಮ್ಮಾ, ಡಾಕ್ಟರ ಹತ್ರ ಮಾವನವರ ಜೊತೆ ನೀನೂ ಒಳಗೆ ಹೋಗ್ತೀಯಂತೆ? ಅವರನ್ನ ಕೇಳಿದ್ದಕ್ಕೆ ನೀನು ಉತ್ತರ ಹೇಳ್ತೀಯಂತೆ? ಯಾಕೆ, ಅವರಿಗೆ ಬಾಯಿಲ್ವಾ?" ಸ್ವಲ್ಪ ನಯಸ್ಥರು ಇದನ್ನೇ ಬೇರೆ ರೀತಿ ಕೇಳ್ತಾರೆ: "ಮಗ ಇದ್ದಾನಲ್ಲ, ಅವನು ಹೋದ್ರೆ ಸಾಲದಾ?"

ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಬರೆದಿಡ್ತಿದ್ದೀನಿ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿ ನನ್ನ ಊಟ ನಾನು ಮಾಡ್ತೀನಿ.

ಅವರಿಗೆ ಬಾಯಿದೆ. ತಾಪತ್ರಯ ಇರೋದೇ ಅಲ್ಲಿ.

ನಮ್ಮ ಮಾವ ಹಾಸನ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಗಣಿತ ಹೇಳಿದ ಮೇಷ್ಟ್ರು. ಈಗ ಅವರಿಗೆ ಡಿಮೆನ್ಷಿಯಾ, ಅಂದರೆ ನೆನಪು, ಬುದ್ಧಿ ಕುಂದುತ್ತಾ ಹೋಗೋ ಮರೆವಿನ ಕಾಯಿಲೆ. ಮೊದಲ ಸಲ ಡಾಕ್ಟರ ಹತ್ರ ಹೋದಾಗ ನಮ್ಮನೆಯವರು ಮಾತ್ರ ಒಳಗೆ ಹೋದರು. ನಾನು ನೀರಿನ ಬಾಟಲು, ಫೈಲು, ಮಾವನ ಶಾಲು ಹಿಡ್ಕೊಂಡು ಹೊರಗಿನ ಬೆಂಚಿನ ಮೇಲೆ. ಹೊರಗೆ ಬಂದವರು "ಏನೂ ಇಲ್ವಂತೆ, ವಯಸ್ಸಿನ ಮರೆವಂತೆ" ಅಂದರು. ಆ ವಾರವೇ ಮಾವ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಪಂಚೆಯ ಮೇಲೆ ಕೋಟು ತೊಟ್ಟು, ಕೊಡೆ ಹಿಡಿದು, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸ್ಪೆಷಲ್ ಕ್ಲಾಸ್ ಇದೆ ಅಂತ ಹೊರಟಿದ್ದರು. ಗೇಟಿನ ಸದ್ದು ಕೇಳಿದ್ದು ನನಗೆ. ನಮ್ಮನೆಯವರಿಗೆ ಗೇಟೇ ಕಿತ್ತು ಬಿದ್ದರೂ ಎಚ್ಚರ ಆಗಲ್ಲ, ಅದು ಬೇರೆ ಮಾತು.

ಮುಂದಿನ ಸಲ ನಾನೂ ಒಳಗೆ ಹೋದೆ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಪಾಪ, ಒಳ್ಳೆಯ ಹುಡುಗ. "ನೂರರಿಂದ ಏಳೇಳು ಕಳೀತಾ ಬನ್ನಿ ಸರ್" ಅಂದರು. ಮಾವ 93, 86, 79, 72, 65 ಅಂತ ಗಡಿಯಾರದ ಮುಳ್ಳಿನ ಹಾಗೆ ಹೇಳಿದರು. "ಸಾಕು ಸರ್" ಅಂದರೂ ಕೇಳಲಿಲ್ಲ. ಏಳೇಳಾಗಿ ಇಳಿದು ಕೊನೆಗೆ ಬಂದು ನಿಂತು, "ಶೇಷ ಎರಡು" ಅಂತ ಕೈ ಕಟ್ಟಿಕೊಂಡರು. ಇವತ್ತು ಯಾವ ವಾರ ಅಂದರೆ, "ಪೆನ್ಷನ್ ತಗೊಳ್ಳೋನಿಗೆ ಎಲ್ಲಾ ಭಾನುವಾರವೇ ಡಾಕ್ಟ್ರೇ!" ನೆನಪಿಟ್ಟುಕೊಳ್ಳಿ ಅಂತ ಆಗ ಹೇಳಿದ್ದ ಮೂರು ಪದ ಯಾವುವು ಅಂದರೆ, "ಹೇಳಿದವರು ನೀವು. ನೀವೇ ಮರೆತರೆ ಹೇಗೆ?" ಡಾಕ್ಟರು ನಕ್ಕುಬಿಟ್ಟರು. ನನಗೂ ನಗು ಬಂತು. ನಗ್ತಾ ನಗ್ತಾ ಒಂದೇ ಒಂದು ಪದವೂ ಅವರಿಂದ ಬರಲಿಲ್ಲ ಅನ್ನೋದನ್ನ ಇಬ್ಬರೂ ಮರೆಯೋದರಲ್ಲಿದ್ದೆವು.

ಆಮೇಲೆ ಡಾಕ್ಟರು ಗಾಡಿ ಓಡಿಸ್ತೀರಾ ಅಂತ ಕೇಳಿದರು. "ಓಹೋ, ದಿನಾ. ಮಾರ್ಕೆಟ್ಟಿಗೆ ಹೋಗಿ ತರಕಾರಿ ತರೋದು ನಾನೇ." ಆ ಸ್ಕೂಟರು ಮಾರಿ ಎಷ್ಟೋ ಕಾಲ ಆಗಿದೆ. ಮಾವ ಸುಳ್ಳು ಹೇಳಿದ್ದಲ್ಲ. ಅವರ ಮಟ್ಟಿಗೆ ಅವರು ಬೆಳಿಗ್ಗೆ ತಾನೇ ಹೋಗಿ ಬದನೆಕಾಯಿ ತಂದಿದ್ದರು. ಈಗ ಹೇಳಿ, ನಾನು ಅಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಬೇಕಿತ್ತಾ?

ಏಳೇಳು ಕಳೆಯೋ, ಮೂರು ಪದ ಕೇಳೋ ಮೂವತ್ತು ಅಂಕದ ಆ ಪರೀಕ್ಷೆಗೆ ಎಂಎಂಎಸ್‌ಇ ಅಂತಾರೆ. ಹೆಚ್ಚು ಓದಿದವರು ಕಾಯಿಲೆ ಇಟ್ಟುಕೊಂಡೇ ಅದರಲ್ಲಿ ಒಳ್ಳೆ ಅಂಕ ತೆಗೀತಾರೆ. ಶಾಲೆಯ ಮುಖ ನೋಡದ ಅಜ್ಜಿ ಕಾಯಿಲೆ ಇಲ್ಲದೆಯೂ ಕಡಿಮೆ ತೆಗೀತಾರೆ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಜನಕ್ಕೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತೆ. ಆ ಲೆಕ್ಕ ಹುಟ್ಟಿದ ಸಮೀಕ್ಷೆಯಲ್ಲೂ ಹಿರಿಯರನ್ನಷ್ಟೇ ಕೇಳಿ ಬಿಡಲಿಲ್ಲ, ಅವರನ್ನು ಹತ್ತಿರದಿಂದ ಬಲ್ಲ ಇನ್ನೊಬ್ಬರನ್ನೂ ಕೂರಿಸಿ ಕೇಳಿದ್ದಾರೆ. ಅಷ್ಟೇ ಯಾಕೆ, ಈ ಕಾಯಿಲೆಯ ಒಂದು ಬಗೆಗೆ ಯಾರ ಹೆಸರಿದೆಯೋ ಆ ಆಲ್‌ಜೈಮರ್ ಅನ್ನೋ ಡಾಕ್ಟರು 1901ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಆಗುಸ್ಟೆ ಡೇಟರ್ ಅನ್ನೋ ಹೆಂಗಸನ್ನು ನೋಡಿದರಲ್ಲ, ಆಕೆ ಏನೇನು ಮರೀತಿದ್ದಾಳೆ, ಗಂಡನ ಮೇಲೆ ಹೇಗೆ ಸಂಶಯ ಪಡ್ತಾಳೆ ಅಂತ ಹೇಳಿದ್ದು ರೈಲ್ವೆಯಲ್ಲಿ ಗುಮಾಸ್ತನಾಗಿದ್ದ ಆಕೆಯ ಗಂಡ. "ನೀನ್ಯಾಕೆ ಬಾಯಿ ಹಾಕ್ತೀಯ" ಅಂತ ಅವನನ್ನ ಯಾವ ನೆಂಟರು ಕೇಳಿದರೋ ಕಾಣೆ.

ಇನ್ನು "ಮಗ ಸಾಲದಾ" ಅನ್ನೋದು. ಮಗ ಸಾಲದು. ಮಗನಾದ್ದರಿಂದ ಅಲ್ಲ. ಮಾವನಿಗೆ ಸ್ನಾನಕ್ಕೆ ನೀರು ತೋಡಿಕೊಡೋದು, ಊಟ ಬಡಿಸೋದು, ರಾತ್ರಿ ಬಚ್ಚಲಿಗೆ ದಾರಿ ತೋರಿಸೋದು ನಾನು. ನಮ್ಮ ಮೈದುನ ಸ್ನಾನ ಮಾಡಿಸ್ತಿದ್ದರೆ ಮೈದುನ ಒಳಗೆ ಹೋಗಲಿ, ನಾನು ಹೊರಗೆ ಕೂತು ಫೋನು ನೋಡ್ತೀನಿ, ಸುಖ. ಎಷ್ಟೋ ಮನೆಗಳಲ್ಲಿ ಆಗೋದು ಏನಂದರೆ ಕಾರು ಓಡಿಸಿದವರು ಒಳಗೆ, ಗೊತ್ತಿದ್ದವರು ಹೊರಗೆ. ಒಳಗಿನವರು "ಚೆನ್ನಾಗಿದ್ದಾರೆ ಡಾಕ್ಟ್ರೇ" ಅಂದು ಅದೇ ಮಾತ್ರೆ ಬರೆಸಿಕೊಂಡು ಬರ್ತಾರೆ.

ಕಳೆದ ವರ್ಷ ಒಂದು ದಿನ ಮಾವ ಇದ್ದಕ್ಕಿದ್ದ ಹಾಗೆ ಗೋಡೆ ಜೊತೆ ಮಾತಾಡೋಕೆ ಶುರು ಮಾಡಿದರು. ತುತ್ತು ಬಾಯಿಗಿಟ್ಟರೆ ನುಂಗೋದು ಮರೆತರು. ಬೇರೊಬ್ಬ ಡಾಕ್ಟರು ನೋಡಿ "ಕಾಯಿಲೆ ಮುಂದಿನ ಹಂತಕ್ಕೆ ಹೋಗಿದೆ" ಅಂದರು. ನಾನು, "ಹಂತ ಅಲ್ಲ ಸರ್. ಸೋಮವಾರ ರಾತ್ರಿ ನನ್ನ ಮಗನಿಗೆ ತ್ರಿಕೋನಮಿತಿ ಹೇಳಿಕೊಟ್ಟಿದ್ದಾರೆ, ಬುಧವಾರ ಹೀಗಾಗಿದೆ. ಪಂಚೆ ವಾಸನೆ ಬೇರೆ ಇದೆ" ಅಂದೆ. ಮೂತ್ರ ಪರೀಕ್ಷೆ ಮಾಡಿಸಿದರೆ ಸೋಂಕು. ಔಷಧಿ ಬಿದ್ದ ಮೇಲೆ ಗೋಡೆಯ ಜೊತೆ ಮಾತು ನಿಂತಿತು. ವಯಸ್ಸಾದವರಿಗೆ ಮೂತ್ರದ ಸೋಂಕೋ ಮಲಬದ್ಧತೆಯೋ ಆದರೂ ಬುದ್ಧಿ ಹೀಗೆ ಕಲಕಿಹೋಗಬಹುದು. ನೆಗಡಿಗೆ ಅಂತ ಅಂಗಡಿಯಿಂದ ತಂದ ಮಾತ್ರೆಯಿಂದಲೂ ಆಗುತ್ತೆ. ಒಂದೆರಡು ದಿನದಲ್ಲಿ ಕೆಟ್ಟಿತಾ, ಒಂದೆರಡು ವರ್ಷದಲ್ಲಿ ಕೆಟ್ಟಿತಾ ಅನ್ನೋದರ ಮೇಲೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತೆ. ಆ ಸೋಮವಾರ ಬುಧವಾರ ಮಾವನಿಗೆ ಗೊತ್ತಿರಲ್ಲ. ರಕ್ತಪರೀಕ್ಷೆಯ ರಿಪೋರ್ಟಿನಲ್ಲೂ ಇರಲ್ಲ.

ಇಷ್ಟು ಜನ ಇಷ್ಟು ಕೇಳ್ತಾರಲ್ಲ, ಕೇಳಬೇಕಾದ್ದನ್ನ ಒಬ್ಬರೂ ಕೇಳಿಲ್ಲ. "ಅವರು ಪಕ್ಕದಲ್ಲೇ ಕೂತಿರುವಾಗ ಅವರ ಬಗ್ಗೆ ಹೇಗಮ್ಮಾ ಹೇಳ್ತೀಯ?" ಇದನ್ನ ಕೇಳಿ. ಇದು ನನಗೆ ನಿಜಕ್ಕೂ ಕಷ್ಟದ ವಿಷಯ. ಊರಿಗೇ ಮೇಷ್ಟ್ರಾಗಿದ್ದವರನ್ನ ಕುರ್ಚಿಯಲ್ಲಿ ಕೂರಿಸಿ, "ರಾತ್ರಿ ಹಾಸಿಗೆ ಒದ್ದೆ ಮಾಡ್ಕೋತಾರೆ ಡಾಕ್ಟ್ರೇ" ಅಂತ ಅವರೆದುರಿಗೇ ಹೇಳೋಕೆ ನಾಲಿಗೆ ಹೊರಳಬೇಕಲ್ಲ. ಹೇಳದೆ ಇದ್ದರೂ ಆಗಲ್ಲ.

ಹಾಗಾಗಿ ನಾನು ಚೀಟಿ ಬರೀತೀನಿ. ನಿದ್ದೆ, ಊಟ, ಬಿದ್ದಿದ್ದು, ಶೌಚ, ಸಿಟ್ಟು, ಹೊಸದಾಗಿ ಏನಾಯ್ತು, ಯಾವತ್ತಿಂದ ಆಯ್ತು. ಮನೆಯಲ್ಲಿರೋ ಅಷ್ಟೂ ಮಾತ್ರೆಯ ಸ್ಟ್ರಿಪ್ಪುಗಳು ಒಂದು ಕವರಿನಲ್ಲಿ, ಅತ್ತೆಯ ಕಾಲದ ಲೇಹ್ಯದ ಡಬ್ಬಿಯೂ ಸೇರಿ. ಒಳಗೆ ಹೋಗೋಕೆ ಮುಂಚೆ ನರ್ಸ್ ಕೈಗೆ ಚೀಟಿ ಕೊಟ್ಟು, ಡಾಕ್ಟರು ಮೊದಲು ಓದಿಕೊಳ್ಳಲಿ ಅಂತೀನಿ. ಡಾಕ್ಟರು ಮೊದಲು ಮಾವನನ್ನೇ ಕೇಳಬೇಕು, ಅವರು ಹೇಳಿದ್ದನ್ನ ಪೂರ್ತಿ ಕೇಳಬೇಕು, ಬದನೆಕಾಯಿ ಸಮೇತ. ಆಮೇಲೆ ನಾನು "ಮಾವ, ನಾನೊಂದಿಷ್ಟು ಹೇಳಲಾ?" ಅಂತೀನಿ. "ಹೇಳಮ್ಮಾ, ಹೇಳು" ಅಂತಾರೆ. ಬೇಡ ಅಂದ ದಿನವೂ ಉಂಟು. ಅವತ್ತು ಚೀಟಿಯೇ ಗತಿ.

ಒಮ್ಮೆ ಆ ಚೀಟಿ ಅವರ ಕೈಗೇ ಸಿಕ್ಕಿತು. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗಿನ ತನಕ ಓದಿ, ಎರಡು ಕಾಗುಣಿತ ತಪ್ಪು ತಿದ್ದಿ, "ಯಾರಮ್ಮಾ ಇದು? ಮನೆಯವರಿಗೆ ಬಹಳ ಕಷ್ಟ ಕೊಡ್ತಾನಲ್ಲ" ಅಂದರು. ನಾನು ಕಾಫಿ ಬಿಸಿ ಮಾಡೋ ನೆಪದಲ್ಲಿ ಎದ್ದು ಹೋದೆ.

ನನ್ನನ್ನೂ ಡಾಕ್ಟರು ಪೂರ್ತಿ ನಂಬಬಾರದು. ಸೈಟಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸೋ ಮಕ್ಕಳೂ ಜೊತೆಗೆ ಬಂದೇ ಬರ್ತಾರೆ, ಎಲ್ಲಾ ಉತ್ತರ ಅವರೇ ಹೇಳ್ತಾರೆ. ಪ್ರತಿ ಸಲ ಸ್ವಲ್ಪ ಹೊತ್ತು ನನ್ನನ್ನ ಆಚೆ ಕಳಿಸಿ ಮಾವನನ್ನ ಒಬ್ಬರನ್ನೇ ಮಾತಾಡಿಸಿ ಅಂತ ನಾನೇ ಹೇಳಿದ್ದೀನಿ. ನನ್ನ ಮೇಲೆ ದೂರು ಹೇಳ್ತಾರಂತೆ, ಸಾರಿಗೆ ಉಪ್ಪು ಕಡಿಮೆ ಅಂತ. ಅವರಿಗೆ ಬಿಪಿ ಇದೆ, ಉಪ್ಪು ಕಡಿಮೆಯೇ.

ಮತ್ತೆ ಅಧಿಕಾರದ ಮಾತು ಎತ್ತೋರಿಗೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ, ತನ್ನ ಪರವಾಗಿ ಯಾರು ಇರಬೇಕು ಅಂತ ಒಬ್ಬರ ಹೆಸರನ್ನ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿಡೋಕೆ ಅವಕಾಶ ಇದೆ. ಮಾವ ಇನ್ನೂ ತಿಳಿವಳಿಕೆ ಚೆನ್ನಾಗಿದ್ದಾಗಲೇ ಬರೆದುಕೊಟ್ಟಿದ್ದಾರೆ. ಹಾಳೆಯ ಎಡಕ್ಕೆ ಸ್ಕೇಲಿನಲ್ಲಿ ಮಾರ್ಜಿನ್ ಎಳೆದು, ಗುಂಡಗಿನ ಅಕ್ಷರದಲ್ಲಿ ನನ್ನ ಹೆಸರು. ಮಗನ ಹೆಸರು ಯಾಕಿಲ್ಲಪ್ಪಾ ಅಂತ ನಮ್ಮನೆಯವರು ಕೇಳಿದ್ದಕ್ಕೆ, "ನೀನು ಲೆಕ್ಕದಲ್ಲಿ ವೀಕು" ಅಂದರು.

ಈ ಪ್ರಶ್ನೆಯನ್ನ ಹೋದಲ್ಲೆಲ್ಲ ಹಂಚ್ತಿರೋದು ಮಾವನ ತಂಗಿ ಅಂತ ನನಗೆ ಗೊತ್ತಿದೆ. ಹಬ್ಬಕ್ಕೆ ಬಂದು ಅರ್ಧ ದಿನ ಇದ್ದು, "ಅಣ್ಣ ಚೆನ್ನಾಗೇ ಇದ್ದಾನಲ್ಲ" ಅಂತ ಹೋಗ್ತಾರೆ. ಅತ್ತೆ, ಮುಂದಿನ ತಿಂಗಳು ನೀವೇ ಒಳಗೆ ಹೋಗಿ, ನನ್ನದೇನೂ ಅಭ್ಯಂತರ ಇಲ್ಲ. ಚೀಟಿ ಮಾತ್ರ ನೀವೇ ಬರೀಬೇಕು. ಅದಕ್ಕೆ ಒಂದು ವಾರ ಮುಂಚೆ ಬಂದು ಅವರ ರೂಮಿನಲ್ಲೇ ಮಲಗಬೇಕಾಗುತ್ತೆ. ಹಾಸಿಗೆ ಹಾಕಿಟ್ಟಿರ್ತೀನಿ, ಗೇಟಿನ ಕಡೆಗೊಂದು ಕಿವಿ ಇರಲಿ.